ಹಲ್ಲಿನೊಳಗಿನ ಗೆದ್ದಲು

ಕಳೆದ ಮಳೆಗಾಲದಲ್ಲಿ ನಮ್ಮ ದೊಡ್ಡಮ್ಮ ಒಂದು ಪುಟ್ಟ ಕಾಗದದ ಪೊಟ್ಟಣ ಹಿಡಿದುಕೊಂಡು ಬಂದರು. ಬಿಚ್ಚಿದರೆ ಒಳಗೆ ದವಡೆ ಹಲ್ಲಿನ ಕ್ಯಾಪು. ಐದು ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿಸಿ ಹಾಕಿಸಿಕೊಂಡದ್ದು. ಉಪ್ಪಿಟ್ಟು ತಿನ್ನುವಾಗ ಕಳಚಿಕೊಂಡಿತಂತೆ. ಕ್ಯಾಪಿನ ಹೊಟ್ಟೆಯೊಳಗೆ, ಹಲ್ಲಿಗೆ ತುಂಬಿಸಿದ್ದ ಬಿಳಿ ಫಿಲ್ಲಿಂಗೂ ಇಡಿಯಾಗಿ ಕೂತಿತ್ತು. ನೋವಿರಲಿಲ್ಲ, ಊತವಿರಲಿಲ್ಲ, ಕಣ್ಣಿಗೆ ಕಾಣುವ ಹುಳುಕೂ ಇರಲಿಲ್ಲ. "ಅಂಟು ಕಳಪೆ ಹಾಕಿದ್ದಾರೆ" ಎಂದು ದೊಡ್ಡಮ್ಮ ತೀರ್ಮಾನಿಸಿಬಿಟ್ಟಿದ್ದರು. ಹಲ್ಲಿನ ವೈದ್ಯರು ಆ ಫಿಲ್ಲಿಂಗನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಬೇರೆಯೇ ಹೇಳಿದರು: "ಅಂಟು ಗಟ್ಟಿಯಾಗೇ ಇದೆ ಅಮ್ಮ. ಅಂಟು ಕಚ್ಚಿ ಹಿಡಿದಿದ್ದ ಹಲ್ಲಿನ ಪದರ ಸವೆದಿರಬೇಕು."

ಆ ಮಾತು ನನ್ನನ್ನು ಬಿಡಲಿಲ್ಲ. ರೂಟ್ ಕೆನಾಲ್ ಎಂದರೆ ಹಲ್ಲಿನೊಳಗಿನ ಕೆಟ್ಟ ನರ ತೆಗೆದು, ಬೇರಿನ ನಾಳ ತೊಳೆದು ಮುಚ್ಚುವುದು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ತೊಳೆಯುವ ದ್ರವ, ಮುಚ್ಚುವ ಅಂಟು, ಹಲ್ಲು ತನ್ನ ಮೈಯಲ್ಲೇ ಹುದುಗಿಸಿಕೊಂಡಿರುವ ಕಿಣ್ವಗಳು – ಈ ಮೂರರ ನಡುವೆ ಏನು ನಡೆಯುತ್ತದೆ ಎಂಬುದನ್ನು ಕುರ್ಚಿಯಲ್ಲಿ ಬಾಯಿ ತೆರೆದು ಕೂತವರಿಗೆ ಸಾಮಾನ್ಯವಾಗಿ ಯಾರೂ ವಿವರಿಸುವುದಿಲ್ಲ. ವಿವರಿಸಬೇಕು ಎಂದು ನನಗನಿಸುತ್ತದೆ. ಸಾವಿರಾರು ರೂಪಾಯಿ ಕೊಟ್ಟು, ಮೂರು ನಾಲ್ಕು ಸಲ ಓಡಾಡಿ ಉಳಿಸಿಕೊಂಡ ಹಲ್ಲು ಎಷ್ಟು ವರ್ಷ ಬಾಳುತ್ತದೆ ಎನ್ನುವುದರಲ್ಲಿ ಇದಕ್ಕೂ ಪಾಲಿದೆ. ಅದರಲ್ಲಿ ಸ್ವಲ್ಪ ಭಾಗ ನಮ್ಮ ಕೈಯಲ್ಲೇ ಇದೆ.

ಮಣ್ಣು ಮೆತ್ತಿದ ತಟ್ಟಿಗೋಡೆ

ಮಲೆನಾಡಿನ ಹಳೆಯ ಕೊಟ್ಟಿಗೆಗಳಲ್ಲಿ ಬಿದಿರಿನ ತಟ್ಟಿ ಕಟ್ಟಿ, ಎರಡೂ ಕಡೆಯಿಂದ ಮಣ್ಣು ಮೆತ್ತಿದ ಗೋಡೆಗಳನ್ನು ನೀವು ನೋಡಿರಬಹುದು. ಬರೀ ಮಣ್ಣಾದರೆ ಬಿರುಕು ಬಿಡುತ್ತದೆ, ಬರೀ ತಟ್ಟಿಯಾದರೆ ಬಾಗುತ್ತದೆ. ನಮ್ಮ ಹಲ್ಲಿನ ಡೆಂಟಿನ್ ಇದೇ ಬಗೆಯ ಕಟ್ಟಡ. ಹೊರಗೆ ಹೊಳೆಯುವ ಎನಾಮಲ್ಲಿನ ಕೆಳಗೆ, ಕಿರೀಟದಿಂದ ಬೇರಿನ ತುದಿಯವರೆಗೆ ಹಲ್ಲಿನ ಹೆಚ್ಚಿನ ಭಾಗ ಡೆಂಟಿನ್ನೇ. ತೂಕದಲ್ಲಿ ಅದರ ಸುಮಾರು 70 ಭಾಗ ಖನಿಜ, 20 ಭಾಗ ಜೈವಿಕ ವಸ್ತು, 10 ಭಾಗ ನೀರು. ಆ ಜೈವಿಕ ವಸ್ತುವಿನಲ್ಲಿ ಶೇಕಡಾ 90ರಷ್ಟು ಕೊಲ್ಯಾಜೆನ್ ಎಂಬ ನಾರಿನಂಥ ಪ್ರೋಟೀನ್. ನಮ್ಮ ಚರ್ಮದಲ್ಲಿ, ಮೂಳೆಯಲ್ಲಿ ಇರುವುದೂ ಅದೇ. ಖನಿಜವೇ ಮಣ್ಣು, ಕೊಲ್ಯಾಜೆನ್ನೇ ಬಿದಿರಿನ ತಟ್ಟಿ.

ಈ ತಟ್ಟಿಯೊಳಗೆ ಹುಟ್ಟಿನಿಂದಲೇ ಗೆದ್ದಲು ಮಲಗಿದೆ. ಡೆಂಟಿನ್ ಕಟ್ಟುವ ಕೋಶಗಳು ಕೊಲ್ಯಾಜೆನ್ ನೇಯುವಾಗ, ಅದನ್ನು ಕತ್ತರಿಸಿ ಹದಗೊಳಿಸುವ ಕಿಣ್ವಗಳನ್ನೂ ಜೊತೆಗೇ ಸುರಿಸುತ್ತವೆ. ಕೆಲಸ ಮುಗಿದ ಮೇಲೆ ಅವು ಹೊರಗೆ ಹೋಗುವುದಿಲ್ಲ. ಸುತ್ತ ಖನಿಜ ಗಟ್ಟಿಯಾಗುತ್ತಾ ಬಂದಂತೆ ಅಲ್ಲೇ ಹೂತುಹೋಗುತ್ತವೆ. ಇವುಗಳ ಕುಲದ ಹೆಸರು ಮ್ಯಾಟ್ರಿಕ್ಸ್ ಮೆಟಲೋಪ್ರೋಟೀನೇಸ್, ಚಿಕ್ಕದಾಗಿ ಎಂಎಂಪಿ. ಹಲ್ಲಿನಲ್ಲಿ ಮುಖ್ಯವಾಗಿ 2, 8, 9, 20 ಎಂಬ ಸಂಖ್ಯೆಯವು ಸಿಕ್ಕಿವೆ. ಪ್ರತಿಯೊಂದರ ನಡುವೆ ಒಂದು ಸತುವಿನ ಕಣವಿದೆ, ಅದೇ ಕತ್ತರಿಯ ಅಲಗು. ಆ ಅಲಗಿನ ಮೇಲೆ ಒಂದು ಮುಚ್ಚಳವಿದೆ. ಮುಚ್ಚಳ ಇರುವವರೆಗೆ ಕಿಣ್ವ ನಿದ್ದೆಯಲ್ಲಿರುತ್ತದೆ. ಆಮ್ಲ ತಗುಲಿದರೆ ಮುಚ್ಚಳ ತೆರೆದುಕೊಳ್ಳುತ್ತದೆ.

ಕೊಲ್ಯಾಜೆನ್ನಿನ ಪ್ರತಿ ಎಳೆಯೂ ಮೂರು ಸರಪಣಿ ಹೊಸೆದ ಹಗ್ಗ. ಸಾಮಾನ್ಯ ಕಿಣ್ವಗಳಿಗೆ ಅದು ಜಗ್ಗುವುದಿಲ್ಲ. ಆದರೆ ಎಂಎಂಪಿ-8 ಆ ಹಗ್ಗದ ಒಂದು ನಿರ್ದಿಷ್ಟ ಜಾಗ ಹುಡುಕಿ ಮುಕ್ಕಾಲು, ಕಾಲು ಎಂದು ಎರಡು ತುಂಡು ಮಾಡುತ್ತದೆ. ತುಂಡಾದ ಹಗ್ಗದ ಹೊಸೆತ ಸಡಿಲವಾಗುತ್ತದೆ, ಆಮೇಲೆ ಎಂಎಂಪಿ-2 ಮತ್ತು 9 ಬಂದು ಅದನ್ನು ಚೂರು ಮಾಡುತ್ತವೆ. ಇವುಗಳ ಜೊತೆಗೆ ಕ್ಯಾಥೆಪ್ಸಿನ್ ಎಂಬ ಇನ್ನೊಂದು ಗುಂಪೂ ಡೆಂಟಿನ್ನಿನಲ್ಲಿದೆ. ಅದರ ನೆಂಟಸ್ತಿಕೆ ನಮ್ಮ ಅಡುಗೆಮನೆಯವರೆಗೂ ಬರುತ್ತದೆ. ಗಟ್ಟಿ ಮಾಂಸ ಬೇಗ ಬೇಯಲೆಂದು ಪಪ್ಪಾಯಿ ಕಾಯಿ ಅರೆದು ಹಚ್ಚುತ್ತೇವಲ್ಲ, ಆ ಕಾಯಿಯ ಹಾಲಿನಲ್ಲಿರುವ ಪಪೇನ್ ಮತ್ತು ಹಲ್ಲಿನ ಕ್ಯಾಥೆಪ್ಸಿನ್ ಒಂದೇ ಮನೆತನದವು.

ಎಂಎಂಪಿ ಮೊದಲು ಸಿಕ್ಕಿದ್ದು ಹಲ್ಲಿನಲ್ಲಲ್ಲ, ಗೊದಮೊಟ್ಟೆಯ ಬಾಲದಲ್ಲಿ. ಗೊದಮೊಟ್ಟೆ ಕಪ್ಪೆಯಾಗುವಾಗ ಅಷ್ಟುದ್ದದ ಬಾಲ ಕೆಲವೇ ದಿನಗಳಲ್ಲಿ ಕರಗಿ ಮಾಯವಾಗುತ್ತದೆ. ಆ ಕೊಲ್ಯಾಜೆನ್ನನ್ನು ಕರಗಿಸುವುದು ಯಾವುದು ಎಂದು ಬೆನ್ನು ಹತ್ತಿದ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೇರ್ 1962ರಲ್ಲಿ ಕೊಲ್ಯಾಜಿನೇಸ್ ಕಿಣ್ವವನ್ನು ತೋರಿಸಿಕೊಟ್ಟರು. ಹಲ್ಲಿನ ಕಡೆಗೆ ಆ ಅರಿವು ಗಟ್ಟಿಯಾಗಿ ತಿರುಗಲು ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 1998ರಲ್ಲಿ ಫಿನ್‌ಲ್ಯಾಂಡಿನ ಲಿಯೋ ಟ್ಯಾಡರ್‌ಹಾನೆ ಮತ್ತು ಸಂಗಡಿಗರು ಹುಳುಕು ಹಲ್ಲಿನಲ್ಲಿ ಈ ಕಿಣ್ವಗಳು ಎಚ್ಚರವಾಗಿರುವುದನ್ನು ತೋರಿಸಿದರು. ಬ್ಯಾಕ್ಟೀರಿಯಾ ಹೊರಹಾಕುವ ಆಮ್ಲ ಖನಿಜವನ್ನು ಕರಗಿಸುತ್ತದೆ, ಅದೇ ಆಮ್ಲ ಮಲಗಿದ್ದ ಕಿಣ್ವವನ್ನು ಎಬ್ಬಿಸುತ್ತದೆ, ಎದ್ದ ಕಿಣ್ವ ತಟ್ಟಿಯನ್ನು ತಿನ್ನುತ್ತದೆ. ಹಲ್ಲು ಹುಳುಕಾಗುವುದರಲ್ಲಿ ಹಲ್ಲಿನದೇ ಕೈವಾಡವೂ ಇದೆ ಎಂಬುದು ಆವರೆಗಿನ ತಿಳಿವಳಿಕೆಯನ್ನೇ ಬದಲಿಸಿದ ಮಾತು.

2004ರಲ್ಲಿ ಅಮೆರಿಕದ ಡೇವಿಡ್ ಪ್ಯಾಶ್ಲಿ ಮತ್ತು ಸಂಗಡಿಗರು ಮಾಡಿದ ಪ್ರಯೋಗ ನನಗೆ ಇಷ್ಟವಾದದ್ದು ಅದರ ಸರಳತೆಗಾಗಿ. ಮೇಲ್ಪದರದ ಖನಿಜ ತೆಗೆದ ಡೆಂಟಿನ್ ತುಣುಕುಗಳನ್ನು ಕೆಲವನ್ನು ಕೃತಕ ಜೊಲ್ಲಿನಲ್ಲಿ, ಕೆಲವನ್ನು ಎಣ್ಣೆಯಲ್ಲಿ, ಇನ್ನು ಕೆಲವನ್ನು ಕಿಣ್ವಗಳ ಬಾಯಿ ಕಟ್ಟುವ ಔಷಧ ಬೆರೆಸಿದ ದ್ರವದಲ್ಲಿ 250 ದಿನ ಇಟ್ಟರು. ಬ್ಯಾಕ್ಟೀರಿಯಾಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಆದರೂ ಕೃತಕ ಜೊಲ್ಲಿನಲ್ಲಿದ್ದ ತುಣುಕುಗಳ ಕೊಲ್ಯಾಜೆನ್ ಹೆಚ್ಚುಕಡಿಮೆ ಪೂರ್ತಿ ಕರಗಿಹೋಗಿತ್ತು. ಎಣ್ಣೆಯಲ್ಲಿದ್ದವು ಮತ್ತು ಔಷಧದಲ್ಲಿದ್ದವು ಉಳಿದಿದ್ದವು. ಎಣ್ಣೆಯಲ್ಲಿ ಉಳಿದದ್ದು ಏಕೆಂದರೆ, ಈ ಕಿಣ್ವಗಳು ಪ್ರೋಟೀನನ್ನು ಕತ್ತರಿಸುವಾಗ ಪ್ರತಿ ಸಲವೂ ಒಂದು ನೀರಿನ ಅಣುವನ್ನು ಬಳಸಿಕೊಳ್ಳುತ್ತವೆ. ನೀರಿಲ್ಲದಿದ್ದರೆ ಕತ್ತರಿ ಆಡುವುದಿಲ್ಲ. ಮುಂದಿನದನ್ನೆಲ್ಲ ಓದುವಾಗ ಇದೊಂದು ನೆನಪಿರಲಿ: ಮಣ್ಣು ಹೋಗಿ ಬೆತ್ತಲಾದ ತಟ್ಟಿ ಮತ್ತು ಅದರೊಳಗೆ ಉಳಿದ ತೇವ, ಇವೆರಡೂ ಸೇರಿದ ಕಡೆ ಗೆದ್ದಲು ಏಳುತ್ತದೆ.

ಅಂಟು ಹಿಡಿಯುವ ಬಗೆ

ಹಳೆಯ ಕಾಲದ ಬೆಳ್ಳಿಬಣ್ಣದ ಅಮಾಲ್ಗಮ್ ಫಿಲ್ಲಿಂಗಿಗೆ ಅಂಟು ಬೇಕಿರಲಿಲ್ಲ. ಬಾಯಿ ಕಿರಿದು, ತಳ ಅಗಲವಾದ ಗುಂಡಿ ಕೊರೆದು ಒತ್ತಿ ತುಂಬಿದರೆ ಕೂರುತ್ತಿತ್ತು. ಹಲ್ಲಿನ ಬಣ್ಣದ ಕಾಂಪೋಸಿಟ್ ಹಾಗಲ್ಲ, ಅದು ಅಂಟಿನ ಬಲದಲ್ಲೇ ನಿಲ್ಲಬೇಕು. 1955ರಲ್ಲಿ ಅಮೆರಿಕದ ಮೈಕೇಲ್ ಬ್ಯೂನೊಕೋರ್ ಎನಾಮಲ್ಲಿಗೆ ಫಾಸ್ಫರಿಕ್ ಆಮ್ಲ ಸವರಿ ಒರಟು ಮಾಡಿದರೆ ರೆಸಿನ್ ಎಂಬ ಅಂಟುವಸ್ತು ಚೆನ್ನಾಗಿ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿದರು. ಎನಾಮಲ್ ಬಹುಪಾಲು ಖನಿಜವೇ ಆದ್ದರಿಂದ ಅಲ್ಲಿ ಕೆಲಸ ಸಲೀಸು. ಡೆಂಟಿನ್ ತೇವದ ಜಾಗ, ನಾರಿನ ಜಾಗ. ಅಲ್ಲಿ ಅಂಟು ಹಿಡಿಯುವ ಗುಟ್ಟನ್ನು 1982ರಲ್ಲಿ ಜಪಾನಿನ ನೊಬುವೊ ನಕಬಯಾಶಿ ಬಿಡಿಸಿದರು. ಆಮ್ಲ ಸವರಿದಾಗ ಮೇಲಿನ ಕೆಲವು ಮೈಕ್ರಾನ್ ಆಳದ ಖನಿಜ ಕರಗಿ ಕೊಲ್ಯಾಜೆನ್ ಬಲೆ ಬಯಲಾಗುತ್ತದೆ. ಆ ಬಲೆಯ ಕಣ್ಣುಗಳೊಳಗೆ ರೆಸಿನ್ ಇಳಿದು ಗಟ್ಟಿಯಾಗುತ್ತದೆ. ಅರ್ಧ ಹಲ್ಲು, ಅರ್ಧ ರೆಸಿನ್ ಆದ ಈ ಮಿಶ್ರ ಪದರಕ್ಕೆ ಹೈಬ್ರಿಡ್ ಪದರ ಎಂದು ಹೆಸರು. ತಲೆಗೂದಲಿನ ದಪ್ಪದ ಹತ್ತನೇ ಒಂದು ಭಾಗವೂ ಇಲ್ಲದ ಈ ಪದರದ ಮೇಲೆ ಇಡೀ ಫಿಲ್ಲಿಂಗಿನ ಭಾರ ನಿಂತಿರುತ್ತದೆ.

ತೊಂದರೆ ಇರುವುದು ಈ ಪದರದ ತಳದಲ್ಲಿ. ಆಮ್ಲ ಇಳಿದಷ್ಟು ಆಳಕ್ಕೆ ರೆಸಿನ್ ಇಳಿಯುವುದಿಲ್ಲ. ತಳದಲ್ಲಿ ಒಂದಿಷ್ಟು ಕೊಲ್ಯಾಜೆನ್, ಮಣ್ಣೂ ಇಲ್ಲದೆ ರೆಸಿನ್ನೂ ಇಲ್ಲದೆ, ನೀರಿನಲ್ಲಿ ನೆನೆಯುತ್ತಾ ಉಳಿದುಬಿಡುತ್ತದೆ. ಪ್ಯಾಶ್ಲಿಯವರ ಪ್ರಯೋಗದ ತುಣುಕಿಗೆ ಒದಗಿದ ಸ್ಥಿತಿಯೇ ಇದಕ್ಕೂ ಒದಗುತ್ತದೆ. ಫಿಲ್ಲಿಂಗ್ ಹಾಕಿದ ದಿನ ಎಳೆದು ನೋಡಿದರೆ ಬಲವಾಗಿರುತ್ತದೆ. ತಿಂಗಳುಗಳು ಕಳೆದಂತೆ ತಳ ಸಡಿಲವಾಗುತ್ತದೆ.

ಶೇಕಡಾ 37ರ ಸಾಂದ್ರತೆಯ ಫಾಸ್ಫರಿಕ್ ಆಮ್ಲ ತುಂಬಾ ತೀಕ್ಷ್ಣ, ಅದು ಕಿಣ್ವಗಳನ್ನೇ ಸುಟ್ಟುಬಿಡುವುದಿಲ್ಲವೇ ಎಂದು ನಾನೂ ಕೇಳಿಕೊಂಡೆ. ಸ್ವಲ್ಪ ಮಟ್ಟಿಗೆ ಹೌದು. ಆದರೆ ಅದರ ಮೇಲೆ ಹಚ್ಚುವ ಬಾಂಡಿಂಗ್ ದ್ರವದಲ್ಲೂ ಸೌಮ್ಯವಾದ ಆಮ್ಲಗುಣವಿರುತ್ತದೆ, ಅದು ಉಳಿದ ಕಿಣ್ವಗಳ ಮುಚ್ಚಳ ತೆರೆಯುತ್ತದೆ. ಪ್ರತ್ಯೇಕ ಆಮ್ಲ ಬೇಡದ, ಸವರಿದರೆ ತಾನೇ ಕೊರೆದು ತಾನೇ ಅಂಟುವ ಸೆಲ್ಫ್ ಎಚ್ ಅಂಟುಗಳ ಆಮ್ಲ ಇನ್ನೂ ಸೌಮ್ಯ. ಕೊಲ್ಲುವಷ್ಟು ತೀಕ್ಷ್ಣವಲ್ಲ, ಎಬ್ಬಿಸುವಷ್ಟು ಮಾತ್ರ. ಬೇರಿನ ಡೆಂಟಿನ್ ಪುಡಿಯ ಮೇಲೆ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ಅಂಟುಗಳು ಕೊಲ್ಯಾಜೆನ್ ಕತ್ತರಿಸುವ ಚಟುವಟಿಕೆಯನ್ನು ಹತ್ತಕ್ಕೂ ಹೆಚ್ಚು ಪಟ್ಟು ಏರಿಸಿದ್ದವು. ಹಾಗೆಂದು ಸೆಲ್ಫ್ ಎಚ್ ಕೆಟ್ಟದ್ದು ಎಂದು ತಿಳಿಯಬೇಡಿ. ಅದು ಕೊರೆದಷ್ಟೇ ಆಳಕ್ಕೆ ತಾನೂ ಇಳಿಯುತ್ತದೆ, ಹಾಗಾಗಿ ಬೆತ್ತಲೆ ತಟ್ಟಿ ಉಳಿಯುವುದು ಕಡಿಮೆ. ಎರಡು ಬಗೆಗೂ ಅದರದರ ಲಾಭ, ಅದರದರ ನಷ್ಟ ಇದೆ. ಯಾವುದು ಎಂದು ರೋಗಿ ಹಟ ಹಿಡಿಯುವ ಅಗತ್ಯವಿಲ್ಲ. ಹಚ್ಚುವ ಕೈಯ ತಾಳ್ಮೆ ಸೀಸೆಯ ಮೇಲಿನ ಹೆಸರಿಗಿಂತ ದೊಡ್ಡದು.

ನಾಳ ತೊಳೆಯುವ ಮೂರು ದ್ರವಗಳು

ರೂಟ್ ಕೆನಾಲ್ ಮಾಡುವಾಗ ಸೂಜಿಯಂಥ ಫೈಲುಗಳನ್ನು ಒಳಗೆ ಹೊರಗೆ ಆಡಿಸುವುದೇ ಮುಖ್ಯ ಕೆಲಸ ಎಂದು ನಮಗೆ ಕಾಣುತ್ತದೆ. ನಾಳದ ಗೋಡೆಯ ಎಷ್ಟೋ ಭಾಗವನ್ನು ಆ ಫೈಲು ಮುಟ್ಟುವುದೇ ಇಲ್ಲ. ಸಂದಿಗೊಂದಿ, ಕವಲು, ಸೂಕ್ಷ್ಮ ಕೊಳವೆಗಳನ್ನು ತಲುಪುವುದು ತೊಳೆಯುವ ದ್ರವ. ವೈದ್ಯರು ಸಿರಿಂಜಿನಲ್ಲಿ ಮತ್ತೆ ಮತ್ತೆ ಏನನ್ನೋ ಹಾಯಿಸುತ್ತಾ ಹೊತ್ತು ಕಳೆಯುತ್ತಿದ್ದಾರೆ ಅನಿಸಿದರೆ, ಆ ಹೊತ್ತು ನಿಮ್ಮ ಹಲ್ಲಿಗೆ ಸಲ್ಲುತ್ತಿದೆ.

ಮೊದಲನೆಯದು ಸೋಡಿಯಂ ಹೈಪೋಕ್ಲೋರೈಟ್. ಈಜುಕೊಳದಂಥ ವಾಸನೆ ಬಂದರೆ ಅದೇ. ಬಟ್ಟೆ ಬಿಳಿ ಮಾಡುವ ಬ್ಲೀಚಿನಲ್ಲಿರುವುದೂ ಇದೇ ರಾಸಾಯನಿಕ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಕೊಳೆತ ಗಾಯ ತೊಳೆಯಲು ಹೆನ್ರಿ ಡೇಕಿನ್ ಇದರ ಅರ್ಧ ಶೇಕಡಾ ದ್ರಾವಣವನ್ನು ಹದಗೊಳಿಸಿದರು. ಹಲ್ಲಿನ ನಾಳಕ್ಕೆ ಅರ್ಧದಿಂದ ಸುಮಾರು 6 ಶೇಕಡಾವರೆಗಿನ ಸಾಂದ್ರತೆ ಬಳಸುತ್ತಾರೆ. ಬ್ಯಾಕ್ಟೀರಿಯಾ ಕೊಲ್ಲುವುದರ ಜೊತೆಗೆ ಸತ್ತ ಅಂಗಾಂಶವನ್ನು ಕರಗಿಸುವ ಶಕ್ತಿ ಇದಕ್ಕಿದೆ, ಈ ಕೆಲಸದಲ್ಲಿ ಇದಕ್ಕೆ ಸಾಟಿಯಿಲ್ಲ. ಕಿಣ್ವಗಳೂ ಪ್ರೋಟೀನೇ ಆದ್ದರಿಂದ ಇದು ಮುಟ್ಟಿದ ಕಡೆ ಅವೂ ಕೆಡುತ್ತವೆ. ಇಲ್ಲಿಯವರೆಗೆ ಒಳ್ಳೆಯ ಸುದ್ದಿ. ಆದರೆ ಅದು ಕೊಲ್ಯಾಜೆನ್ನನ್ನೂ ಬಿಡುವುದಿಲ್ಲ. ಮೇಲಾಗಿ ಡೆಂಟಿನ್ನಿನಲ್ಲಿ ಆಮ್ಲಜನಕದ ಶೇಷ ಬಿಟ್ಟುಹೋಗುತ್ತದೆ. ರೆಸಿನ್ ಅಂಟು ಗಟ್ಟಿಯಾಗಲು ಅದರ ಅಣುಗಳು ಸರಪಣಿಯಂತೆ ಹೆಣೆದುಕೊಳ್ಳಬೇಕು, ಆಮ್ಲಜನಕ ಆ ಹೆಣಿಗೆಯನ್ನು ನಡುವೆಯೇ ತುಂಡರಿಸುತ್ತದೆ. ಅರೆಬೆಂದ ಅಂಟಿನಲ್ಲಿ ತೇವ ಸುಲಭವಾಗಿ ಸೇರುತ್ತದೆ, ತೇವ ಸೇರಿದ ಕಡೆ ಏನಾಗುತ್ತದೆಂದು ಆಗಲೇ ನೋಡಿದೆವು. ಇದಕ್ಕೆ ಪರಿಹಾರವೂ ಇದೆ. ನೆಲ್ಲಿಕಾಯಿಯಲ್ಲಿರುವ ವಿಟಮಿನ್ ಸಿ ಇದೆಯಲ್ಲ, ಅದರ ಲವಣವಾದ ಸೋಡಿಯಂ ಆಸ್ಕಾರ್ಬೇಟ್ ದ್ರಾವಣದಲ್ಲಿ ಹೈಪೋಕ್ಲೋರೈಟ್ ತಗುಲಿದ ಡೆಂಟಿನ್ನನ್ನು ತೊಳೆದರೆ ಅಂಟಿನ ಬಲ ಮತ್ತೆ ಬರುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ಎರಡನೆಯದು ಇಡಿಟಿಎ, ಸಾಮಾನ್ಯವಾಗಿ 17 ಶೇಕಡಾ. ಫೈಲು ಆಡಿಸಿದಾಗ ನಾಳದ ಗೋಡೆಗೆ ಸಗಣಿ ಸಾರಿಸಿದಂತೆ ಒಂದು ಹೊಟ್ಟಿನ ಪದರ ಮೆತ್ತಿಕೊಂಡಿರುತ್ತದೆ. ಹೈಪೋಕ್ಲೋರೈಟ್ ಅದರ ಜೈವಿಕ ಭಾಗವನ್ನು ಕರಗಿಸಬಲ್ಲದು, ಖನಿಜವನ್ನಲ್ಲ. ಇಡಿಟಿಎ ಕ್ಯಾಲ್ಸಿಯಮ್ಮನ್ನು ಹಿಡಿದು ಎಳೆದುಕೊಂಡು ಆ ಪದರವನ್ನು ಸಡಿಲಿಸುತ್ತದೆ. ಹೀಗೆ ಲೋಹದ ಕಣಗಳನ್ನು ಹಿಡಿಯುವ ಗುಣವೇ ಎಂಎಂಪಿಗಳಿಗೂ ಕಡಿವಾಣ. ಅವುಗಳ ಅಲಗಿನಲ್ಲಿರುವ ಸತು, ಆಕಾರ ಕಾಪಾಡುವ ಕ್ಯಾಲ್ಸಿಯಂ ಎರಡನ್ನೂ ಇಡಿಟಿಎ ಸೆಳೆದುಕೊಳ್ಳುತ್ತದೆ. ಆದರೆ ಅತಿಯಾದರೆ ಅಮೃತವೂ ವಿಷ. ಒಂದು ನಿಮಿಷದಲ್ಲಿ ಗೋಡೆ ಶುಭ್ರವಾಗುವ ಕಡೆ ಹತ್ತು ನಿಮಿಷ ಬಿಟ್ಟರೆ ಡೆಂಟಿನ್ನಿನ ಸೂಕ್ಷ್ಮ ಕೊಳವೆಗಳ ಬಾಯಿಯೇ ಕೊರೆದುಹೋಗುತ್ತದೆ ಎಂದು 2002ರಲ್ಲಿ ಟರ್ಕಿಯ ಸಂಶೋಧಕರು ತೋರಿಸಿದರು. ಇಡಿಟಿಎ ಖನಿಜ ತೆಗೆದ ಮೇಲೆ ಮತ್ತೆ ಹೈಪೋಕ್ಲೋರೈಟ್ ಹಾಯಿಸಿದರೆ, ಮಣ್ಣಿನ ರಕ್ಷಣೆ ಕಳೆದುಕೊಂಡ ತಟ್ಟಿಯನ್ನು ಅದು ನೇರವಾಗಿ ತಿನ್ನುತ್ತದೆ. ಯಾವುದರ ನಂತರ ಯಾವುದು, ಎಷ್ಟು ಹೊತ್ತು ಎಂಬುದು ಇಲ್ಲಿ ದ್ರವದ ಹೆಸರಿನಷ್ಟೇ ಮುಖ್ಯ.

ಮೂರನೆಯದು ಕ್ಲೋರ್‌ಹೆಕ್ಸಿಡಿನ್. ಮೌತ್‌ವಾಶ್ ಆಗಿ ನಿಮಗೆ ಪರಿಚಯವಿರಬಹುದು, ಅದು 0.2 ಶೇಕಡಾ. ನಾಳಕ್ಕೆ ಬಳಸುವುದು ಅದರ ಹತ್ತುಪಟ್ಟು, 2 ಶೇಕಡಾ. ಇದು ಅಂಗಾಂಶ ಕರಗಿಸಲಾರದು, ಆದರೆ ಡೆಂಟಿನ್ನಿಗೆ ಅಂಟಿಕೊಂಡು ಬಹುಕಾಲ ಉಳಿಯುತ್ತದೆ. ಇದು ಎಂಎಂಪಿ 2, 8, 9ನ್ನು ತಡೆಯುತ್ತದೆ ಎಂಬುದು 1999ರಲ್ಲಿ ವರದಿಯಾಯಿತು. ಬ್ಯಾಕ್ಟೀರಿಯಾ ಕೊಲ್ಲಲು ಇಟ್ಟುಕೊಂಡಿದ್ದ ಔಷಧಿಗೆ ಹೀಗೆ ಎರಡನೆಯ ಉದ್ಯೋಗ ಸಿಕ್ಕಿತು. 2005ರಲ್ಲಿ ಬ್ರೆಜಿಲ್ಲಿನ ಜೋಸಿಮೆರಿ ಹೆಬ್ಲಿಂಗ್ ಮತ್ತು ಸಂಗಡಿಗರು ಮಕ್ಕಳ ಹಾಲುಹಲ್ಲುಗಳಲ್ಲಿ ಪರೀಕ್ಷಿಸಿದರು. ಕೆಲವಕ್ಕೆ ಅಂಟು ಹಚ್ಚುವ ಮೊದಲು ಒಂದು ನಿಮಿಷ ಕ್ಲೋರ್‌ಹೆಕ್ಸಿಡಿನ್, ಕೆಲವಕ್ಕೆ ಇಲ್ಲ. ಆರು ತಿಂಗಳ ನಂತರ ಬಿದ್ದ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಔಷಧ ಕಂಡ ಹಲ್ಲುಗಳ ಹೈಬ್ರಿಡ್ ಪದರ ಇದ್ದಂತೇ ಇತ್ತು, ಕಾಣದವುಗಳಲ್ಲಿ ಕೊಲ್ಯಾಜೆನ್ ಸವೆದಿತ್ತು. ಎರಡು ವರ್ಷದ ನಂತರ, ಕೀಳಲೆಂದೇ ನಿಗದಿಯಾಗಿದ್ದ ಬುದ್ಧಿಹಲ್ಲುಗಳಲ್ಲಿ 14 ತಿಂಗಳ ಪರೀಕ್ಷೆಯೂ ಅದೇ ದಿಕ್ಕಿನ ಉತ್ತರ ಕೊಟ್ಟಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಪ್ರಯೋಗಾಲಯದಲ್ಲಿ ಹೊಳೆದದ್ದೆಲ್ಲ ಬಾಯಿಯಲ್ಲಿ ಹೊಳೆಯುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಕಾಲಕ್ರಮದಲ್ಲಿ ಸೋರಿಹೋಗುತ್ತದೆ. ರೋಗಿಗಳ ಫಿಲ್ಲಿಂಗುಗಳನ್ನು ವರ್ಷಗಟ್ಟಲೆ ಗಮನಿಸಿದ ಪರೀಕ್ಷೆಗಳಲ್ಲಿ, ಅದನ್ನು ಸವರಿದ ಫಿಲ್ಲಿಂಗುಗಳು ಸವರದವಕ್ಕಿಂತ ಹೆಚ್ಚು ಉಳಿದವು ಎಂದು ಹೇಳುವಂಥ ದೊಡ್ಡ ವ್ಯತ್ಯಾಸ ಕಂಡಿಲ್ಲ. ಹಾಗಾಗಿ "ನಮ್ಮಲ್ಲಿ ವಿಶೇಷ ಕಿಣ್ವ ತಡೆ ಚಿಕಿತ್ಸೆ ಇದೆ, ಫಿಲ್ಲಿಂಗ್ ಜೀವಮಾನ ಬಾಳುತ್ತದೆ" ಎಂದು ಯಾರಾದರೂ ಹೆಚ್ಚಿನ ದುಡ್ಡು ಕೇಳಿದರೆ ಒಪ್ಪಬೇಡಿ. ಹೈಬ್ರಿಡ್ ಪದರ ಉಳಿಸಲು ದ್ರಾಕ್ಷಿ ಬೀಜದ ಸಾರ, ಹಸಿರು ಚಹಾದ ಸಾರ, ಕೊಲ್ಯಾಜೆನ್ ಎಳೆಗಳನ್ನು ಪರಸ್ಪರ ಬೆಸೆದು ಗಟ್ಟಿ ಮಾಡುವ ರಾಸಾಯನಿಕಗಳು, ತೇವದ ಬದಲು ಎಥನಾಲ್ ತುಂಬಿಸುವ ವಿಧಾನ ಎಲ್ಲವೂ ಪರೀಕ್ಷೆಯ ಹಾದಿಯಲ್ಲಿವೆ.

ಇನ್ನೊಂದು ಅಪಾಯ: ಹೈಪೋಕ್ಲೋರೈಟ್ ಇರುವ ನಾಳಕ್ಕೆ ನೇರವಾಗಿ ಕ್ಲೋರ್‌ಹೆಕ್ಸಿಡಿನ್ ಹಾಯಿಸಿದರೆ ಕಿತ್ತಳೆ ಕಂದು ಬಣ್ಣದ ಗಷ್ಟು ಕಟ್ಟುತ್ತದೆ. ಅದು ಹಲ್ಲಿಗೆ ಕಲೆ ಹಿಡಿಸುತ್ತದೆ, ಸೂಕ್ಷ್ಮ ಕೊಳವೆಗಳನ್ನು ಮುಚ್ಚುತ್ತದೆ. ನಡುವೆ ಸಲೈನಿನಲ್ಲೋ ಶುದ್ಧ ನೀರಿನಲ್ಲೋ ಧಾರಾಳವಾಗಿ ತೊಳೆಯುವುದು ಬಲ್ಲ ವೈದ್ಯರ ರೂಢಿ.

ಕುರ್ಚಿಯಲ್ಲಿ ಕೂತವರ ಪಾಲು

ಇಷ್ಟೆಲ್ಲ ವೈದ್ಯರ ಕೆಲಸವಾಯಿತು, ನಮ್ಮದೇನು? ಮೊದಲನೆಯದಾಗಿ ರಬ್ಬರ್ ಡ್ಯಾಮ್ ಹಾಕುತ್ತೀರಾ ಎಂದು ಕೇಳಿ. ಹಲ್ಲೊಂದನ್ನೇ ಹೊರಗೆ ಬಿಟ್ಟು ಉಳಿದ ಬಾಯಿಯನ್ನು ಮುಚ್ಚುವ ತೆಳು ರಬ್ಬರ್ ಹಾಳೆ ಅದು. ಹೈಪೋಕ್ಲೋರೈಟ್ ಗಂಟಲಿಗೆ ಹೋಗದಂತೆ, ಜೊಲ್ಲು ಹಲ್ಲಿಗೆ ಬರದಂತೆ ತಡೆಯುತ್ತದೆ. ಜೊಲ್ಲಿನಲ್ಲಿ ತೇವವಷ್ಟೇ ಅಲ್ಲ, ಅದರದೇ ಎಂಎಂಪಿಗಳೂ ಇವೆ. ಬಾಯಿ ಕಟ್ಟಿದಂತಾಗುತ್ತದೆ ಎಂದು ನಾವೇ ಬೇಡವೆನ್ನುವುದುಂಟು. ಹತ್ತು ನಿಮಿಷದಲ್ಲಿ ಅಭ್ಯಾಸವಾಗುತ್ತದೆ. ತೊಳೆಯುವಾಗ ಇದ್ದಕ್ಕಿದ್ದಂತೆ ತೀವ್ರ ಉರಿ, ನೋವು ಬಂದರೆ ಸಹಿಸಿಕೊಂಡು ಕೂರಬೇಡಿ, ತಕ್ಷಣ ಕೈ ಎತ್ತಿ. ದ್ರವ ಬೇರಿನ ತುದಿ ದಾಟಿದರೆ ಮುಖ ಊದಿಕೊಳ್ಳುವಷ್ಟು ತೊಂದರೆಯಾಗಬಹುದು.

ಚಿಕಿತ್ಸೆಗೆ ಮೊದಲು ಮನೆಯಲ್ಲಿ ಏನೇನು ಮಾಡಿದಿರಿ ಎಂದು ಹೇಳಿಬಿಡಿ. ಹಲ್ಲುನೋವಿಗೆ ಲವಂಗದ ಎಣ್ಣೆ ಹತ್ತಿಯಲ್ಲಿ ಅದ್ದಿ ಇಡುವುದು ನಮ್ಮಲ್ಲಿ ಮನೆಮನೆಯ ಮದ್ದು. ಅದರಲ್ಲಿರುವ ಯೂಜಿನಾಲ್ ನೋವು ತಗ್ಗಿಸುವುದು ನಿಜ, ಆದರೆ ಅದೂ ರೆಸಿನ್ನಿನ ಹೆಣಿಗೆಗೆ ಅಡ್ಡಿ. ತಾತ್ಕಾಲಿಕವಾಗಿ ತುಂಬುವ ಕೆಲವು ಸಿಮೆಂಟುಗಳಲ್ಲೂ ಯೂಜಿನಾಲ್ ಇರುತ್ತದೆ. ಗೊತ್ತಿದ್ದರೆ ವೈದ್ಯರು ಮೇಲ್ಮೈ ಕೆರೆದು ತಾಜಾ ಡೆಂಟಿನ್ ತೆರೆದು ಅಂಟು ಹಚ್ಚುತ್ತಾರೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶಿನಿಂದಲೋ, ಚುಚ್ಚುಮದ್ದಿಗೆ ಮುನ್ನ ಚರ್ಮ ಒರೆಸುವ ದ್ರವದಿಂದಲೋ ಹಿಂದೆ ಯಾವಾಗಲಾದರೂ ಮೈ ದದ್ದರಿಸಿದ್ದರೆ ಅದನ್ನೂ ಹೇಳಿ. ಅಪರೂಪವಾದರೂ ಈ ಅಲರ್ಜಿ ತೀವ್ರವಾಗಬಲ್ಲದು. ಮುಂದಿನ ಹಲ್ಲು ರೂಟ್ ಕೆನಾಲ್ ನಂತರ ಕಪ್ಪಾಗಿ, ಬಿಳಿ ಮಾಡಿಸಿಕೊಳ್ಳುವವರಿದ್ದರೆ, ಬಿಳಿ ಮಾಡಿದ ಕೂಡಲೇ ಫಿಲ್ಲಿಂಗಿಗೆ ಅವಸರಿಸಬೇಡಿ. ಬಿಳಿ ಮಾಡಲು ಬಳಸುವ ಪೆರಾಕ್ಸೈಡ್ ಬಿಟ್ಟುಹೋಗುವ ಆಮ್ಲಜನಕ ಹೊರಟುಹೋಗಲು ಒಂದೆರಡು ವಾರ ಕಾಯಿಸುವುದು ರೂಢಿ.

ಚಿಕಿತ್ಸೆಯನ್ನು ನಡುವೆ ನಿಲ್ಲಿಸುವುದು ಹಲ್ಲು ಕಳೆದುಕೊಳ್ಳುವ ದಾರಿ. ಮೊದಲ ಭೇಟಿಯಲ್ಲೇ ನೋವು ಹೋಗುತ್ತದೆ. ಆಮೇಲೆ ಸುಗ್ಗಿ, ಮಕ್ಕಳ ಪರೀಕ್ಷೆ, ನೆಂಟರ ಮದುವೆ ಅಡ್ಡ ಬರುತ್ತವೆ. ತಾತ್ಕಾಲಿಕ ಸಿಮೆಂಟು ಕೆಲವು ವಾರಗಳ ಪಹರೆಗಷ್ಟೇ ಮಾಡಿದ್ದು. ಅದು ಸೋರತೊಡಗಿದರೆ ಜೊಲ್ಲು, ಬ್ಯಾಕ್ಟೀರಿಯಾ, ಆಮ್ಲ ಎಲ್ಲವೂ ತೊಳೆದ ಗೋಡೆಗೆ ಮರಳುತ್ತವೆ. ನಾಳ ಎಷ್ಟೇ ಚೆನ್ನಾಗಿ ತುಂಬಿರಲಿ, ಮೇಲಿನ ಮುಚ್ಚುವಿಕೆ ಕಳಪೆಯಾದರೆ ಬೇರಿನ ತುದಿಯ ಗಾಯ ಮಾಯುವುದು ಕಡಿಮೆ ಎಂದು ಸಾವಿರಕ್ಕೂ ಹೆಚ್ಚು ಹಲ್ಲುಗಳ ಎಕ್ಸ್‌ರೇ ನೋಡಿ 1995ರಲ್ಲಿ ರೇ ಮತ್ತು ಟ್ರೋಪ್ ಎಂಬ ಸಂಶೋಧಕರು ಬರೆದರು. 2002ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ರೂಟ್ ಕೆನಾಲ್ ನಂತರ ಕ್ಯಾಪ್ ಹಾಕಿಸದ ಹಲ್ಲುಗಳು ಹಾಕಿಸಿದವಕ್ಕಿಂತ ಆರು ಪಟ್ಟು ವೇಗದಲ್ಲಿ ಬಾಯಿಯಿಂದ ಹೊರಬಿದ್ದಿದ್ದವು. ದುಡ್ಡು ಹೊಂದಿಸುವುದು ಕಷ್ಟವಾದರೆ ಅದನ್ನು ಮೊದಲೇ ಹೇಳಿ, ಕನಿಷ್ಠ ಶಾಶ್ವತ ಫಿಲ್ಲಿಂಗನ್ನಾದರೂ ಬೇಗ ಮಾಡಿಸಿಕೊಂಡು ಕ್ಯಾಪಿಗೆ ದಿನ ಕೇಳಿ.

ಚಿಕಿತ್ಸೆಯಾದ ಹಲ್ಲಿಗೆ ನರವಿಲ್ಲ, ಆದ್ದರಿಂದ ಕಟ್ಟು ಸಡಿಲವಾದರೂ ಅದು ನೋವಿನ ಮೂಲಕ ಹೇಳುವುದಿಲ್ಲ. ಬೇರೆ ಗುರುತುಗಳನ್ನು ನೋಡಬೇಕು. ಫಿಲ್ಲಿಂಗಿನ ಅಂಚಿನಲ್ಲಿ ಕಂದು ಗೆರೆ, ಅದೇ ಸಂದಿಯಲ್ಲಿ ಹೊಸದಾಗಿ ಊಟ ಸಿಕ್ಕಿಕೊಳ್ಳುವುದು, ದಾರ ಹಾಕಿದರೆ ಎಳೆ ಬಿಡುವುದು, ಒಂದೇ ಕಡೆಯಿಂದ ಕೆಟ್ಟ ರುಚಿ, ನಾಲಿಗೆಯಿಂದ ಒತ್ತಿದರೆ ಕ್ಯಾಪು ಕೂದಲೆಳೆಯಷ್ಟು ಕದಲುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಹೋಗಿ ತೋರಿಸಿ. ಏನೂ ಕಾಣದಿದ್ದರೂ ವರ್ಷಕ್ಕೊಮ್ಮೆ ತೋರಿಸಿ.

ಬಾಯಿಯ ಆಮ್ಲವನ್ನು ತಗ್ಗಿಸುವುದು ಕಿಣ್ವಗಳನ್ನು ಮಲಗಿಸಿಡುವ ಮನೆಯ ದಾರಿ. ಎನಾಮಲ್ ಸುಮಾರು 5.5ರ ಪಿಎಚ್‌ನಲ್ಲಿ ಕರಗತೊಡಗಿದರೆ ಡೆಂಟಿನ್ 6ಕ್ಕೂ ಮೇಲೆಯೇ ಕರಗತೊಡಗುತ್ತದೆ. ಒಸಡು ಜಾರಿ ಬೇರು ಬಯಲಾದ ವಯಸ್ಸಾದವರಲ್ಲಿ ಕ್ಯಾಪಿನ ಅಂಚು ಕೂರುವುದು ಸಾಮಾನ್ಯವಾಗಿ ಈ ನಾಜೂಕಿನ ಜಾಗದಲ್ಲೇ. ದಿನವಿಡೀ ಗುಟುಕು ಗುಟುಕಾಗಿ ಸಕ್ಕರೆ ಹಾಕಿದ ಕಾಫಿ ಕುಡಿಯುವುದಕ್ಕಿಂತ ಎರಡೇ ಸಲ ಕುಡಿದು ಬಾಯಿ ಮುಕ್ಕಳಿಸುವುದು ಮೇಲು. ಫ್ಲೋರೈಡ್ ಪೇಸ್ಟಿನಲ್ಲಿ ಎರಡು ಹೊತ್ತು ಉಜ್ಜಿ. ಹೈಪೋಕ್ಲೋರೈಟ್ ಹಲ್ಲಿಗೆ ಒಳ್ಳೆಯದೆಂದು ಓದಿ ಮನೆಯ ಬ್ಲೀಚಿನಲ್ಲಿ ಮುಕ್ಕಳಿಸಲು ಹೋಗಬೇಡಿ, ಬಾಯಿ ಸುಟ್ಟುಹೋಗುತ್ತದೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶನ್ನು ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆಯೇ ಹೊರತು, ಫಿಲ್ಲಿಂಗಿನ ಕೆಳಗಿನ ಪದರವನ್ನು ಅದು ತಲುಪುವುದಿಲ್ಲ.

ದೊಡ್ಡಮ್ಮನ ಹಲ್ಲಿಗೆ ವೈದ್ಯರು ಈ ಸಲ ರಬ್ಬರ್ ಡ್ಯಾಮ್ ಹಾಕಿದರು. ಹಳೆಯ ಮೇಲ್ಮೈಯನ್ನು ತೆಳುವಾಗಿ ಕೆರೆದು, ತಾಜಾ ಡೆಂಟಿನ್ ತೆರೆದು, ಅಂಟಿನ ಪದರವನ್ನು ಸಾವಕಾಶವಾಗಿ ಉಜ್ಜಿ, ಗಾಳಿ ಊದಿ ಅದರ ದ್ರಾವಕ ಆರಿದ ಮೇಲೆ ನೀಲಿ ಬೆಳಕು ಹಿಡಿದರು. ಮುಕ್ಕಾಲು ಗಂಟೆ ಬೇಕಾಯಿತು. ಹಳೆಯ ಕ್ಯಾಪು ಬಿರುಕು ಬಿಟ್ಟಿರಲಿಲ್ಲವಾದ್ದರಿಂದ ಒಳಗಿನ ಫಿಲ್ಲಿಂಗ್ ತೆಗೆದು ಆ ಕ್ಯಾಪನ್ನೇ ಮರಳಿ ಕೂರಿಸಲು ಸಾಧ್ಯವಾಯಿತು. ನಿಮ್ಮದೂ ಎಂದಾದರೂ ಕಳಚಿದರೆ ಫೆವಿಕ್ವಿಕ್ ಹಾಕಿ ನೀವೇ ಅಂಟಿಸಿಕೊಳ್ಳಬೇಡಿ, ನುಂಗದಂತೆ ಬಾಯಿಯಿಂದ ತೆಗೆದು, ತೊಳೆದು, ಒಂದು ಪುಟ್ಟ ಡಬ್ಬಿಯಲ್ಲಿಟ್ಟುಕೊಂಡು ಎರಡು ಮೂರು ದಿನದೊಳಗೆ ಹೋಗಿ. ಕಾಗದದ ಪೊಟ್ಟಣ ಜೇಬಿನಲ್ಲಿ ಹರಿದುಹೋಗುತ್ತದೆ.